ಕಾರವಾರ ಬಂದರಿನ ಚರಿತ್ರೆಯಲ್ಲಿ ಸುಂಕದವರನ್ನು ಮರೆಯಬಾರದು

ಸಂಪಾದಕರಿಗೆ,

ಮಾನ್ಯರೇ,

ಕಾರವಾರ ಬಂದರಿನ ವಿಸ್ತರಣೆಯ ಕುರಿತು ನಡೆಯುತ್ತಿರುವ ಚರ್ಚೆಯ ಹಿನ್ನೆಲೆಯಲ್ಲಿ ತಮ್ಮ ಪತ್ರಿಕೆ ಈಚೆಗೆ ಪ್ರಕಟಿಸಿದ ಬಂದರಿನ ಇತಿಹಾಸದ ಲೇಖನವನ್ನು ಆಸಕ್ತಿಯಿಂದ ಓದಿದೆ. ಸೋದೆಯ ಅರಸರು, ಸದಾಶಿವಗಡ, ಇಂಗ್ಲಿಷರ ಕೋಠಿ (ವ್ಯಾಪಾರದ ಮಳಿಗೆ), ಹತ್ತಿಯ ವ್ಯಾಪಾರ, ಕೊನೆಗೆ ನೌಕಾನೆಲೆ ಎಂದು ಲೇಖಕರು ವಿಷಯವನ್ನು ಚೆನ್ನಾಗಿಯೇ ನಡೆಸಿಕೊಂಡು ಹೋಗಿದ್ದಾರೆ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾರವಾರ ಹಿಂದೆ ಬಿದ್ದದ್ದಕ್ಕೆ ಗೋವಾದ ಮುರ್ಮುಗೋವಾ ಬಂದರು ಹೆಚ್ಚು ಅನುಕೂಲವಾಗಿದ್ದುದೇ ಕಾರಣ ಎಂಬ ಅವರ ಒಂದು ಸಾಲಿನ ತೀರ್ಮಾನವನ್ನು ಒಪ್ಪುವುದು ನನಗೆ ಕಷ್ಟವಾಗಿದೆ. ಅದಕ್ಕಿಂತ ಹೆಚ್ಚಾಗಿ, ಬಂದರಿನ ಬಗ್ಗೆ ಬರೆದ ಇಷ್ಟು ದೊಡ್ಡ ಲೇಖನದಲ್ಲಿ ಸುಂಕದ ಅಧಿಕಾರಿಯ ಸುಳಿವೇ ಇಲ್ಲದಿರುವುದು ಆಶ್ಚರ್ಯ ಹುಟ್ಟಿಸಿತು. ಹಡಗು ಬಂದಾಗ ಮೊದಲು ಹತ್ತುವವರಲ್ಲಿ ಒಬ್ಬ, ಅದು ಹೊರಡುವಾಗ ಕೊನೆಯ ಅಪ್ಪಣೆ ಕೊಡುವವನು, ನಡುವೆ ದಡಕ್ಕಿಳಿದ ಪ್ರತಿ ಮೂಟೆಯ ಲೆಕ್ಕ ಬರೆದಿಟ್ಟವನು ಅವನೇ. ಅವನನ್ನು ಬಿಟ್ಟು ಬಂದರಿನ ಚರಿತ್ರೆ ಬರೆದರೆ ಏನು ತಪ್ಪಿಹೋಗುತ್ತದೆ ಎಂಬುದಕ್ಕೆ ಮುರ್ಮುಗೋವಾದ ಪ್ರಸಂಗವೇ ಒಳ್ಳೆಯ ಉದಾಹರಣೆ ಎಂದು ನನಗೆ ತೋರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಕ್ಷಮಿಸಬೇಕು.

ನಾನು ಇತಿಹಾಸಕಾರನಲ್ಲ. ಕಾರವಾರದ ಬಂದರಿರುವ ಬೈತಖೋಲಿನಲ್ಲಿ ಸರಕು ಬಿಡಿಸಿಕೊಡುವ ಏಜೆಂಟರೊಬ್ಬರ ಬಳಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ನನ್ನ ಕೆಲಸದ ಹೆಚ್ಚಿನ ಸಮಯ ಕಸ್ಟಮ್ಸ್ ಕಚೇರಿಯ ಬೆಂಚಿನ ಮೇಲೆಯೇ ಕಳೆಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ಆ ಬೆಂಚಿನ ಮೇಲೆ ಕೂತವರೆಲ್ಲ ಒಂದಲ್ಲ ಒಂದು ದಿನ ಆಡಿಕೊಂಡವರೇ. ಆದರೂ ಆ ಕಚೇರಿಯ ಪುಸ್ತಕಗಳನ್ನು ತಿರುವಿ ನೋಡುವ ಅವಕಾಶ ಸಿಕ್ಕಾಗಲೆಲ್ಲ, ಊರಿನ ನಿಜವಾದ ಚರಿತ್ರೆ ಇಲ್ಲಿ ಸಾಲು ಸಾಲಾಗಿ ಕೂತಿದೆಯಲ್ಲ ಎಂದು ಅನ್ನಿಸುತ್ತಿತ್ತು.

ಸುಂಕದ ಕಸುಬು ನಮ್ಮ ಕರಾವಳಿಗೆ ಇಂಗ್ಲಿಷರು ತಂದದ್ದಲ್ಲ. ಕದಂಬ, ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಸುಂಕಗಳೂ ಅವುಗಳ ಮೇಲ್ವಿಚಾರಣೆಯ ಸುಂಕವೆರ್ಗಡೆಗಳೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ದೇವಾಲಯಕ್ಕೆ ಎಣ್ಣೆ ದೀಪದ ದತ್ತಿಯನ್ನು ಸುಂಕದ ಆದಾಯದಿಂದಲೇ ಬಿಟ್ಟುಕೊಟ್ಟ ನಿದರ್ಶನಗಳೂ ಇವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡ ಸುಂಕದ ಬಂಕಣ್ಣನಂಥವರೂ ಇದ್ದರು ಎಂಬುದನ್ನು ನೆನೆದರೆ, ಈ ವೃತ್ತಿಯನ್ನು ನಾವು ಈಗ ನೋಡುವ ಕಣ್ಣಿನಿಂದಲೇ ಹಿಂದಿನವರೂ ನೋಡುತ್ತಿದ್ದರು ಎಂದು ಭಾವಿಸಬೇಕಾಗಿಲ್ಲ. ವಿಜಯನಗರದ ಕಾಲದಲ್ಲಿ ಭಟಕಳ, ಹೊನ್ನಾವರಗಳಿಗೆ ಅರಬ್ ಕುದುರೆಗಳು ಇಳಿಯುತ್ತಿದ್ದವು, ಘಟ್ಟದ ಮೇಲಿನಿಂದ ಮೆಣಸು ಇಳಿದು ಹಡಗು ಹತ್ತುತ್ತಿತ್ತು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮೇಲೆ ಸಮುದ್ರದ ಮೇಲೆಯೇ ಸುಂಕದ ಚೌಕಿ ಇಟ್ಟಂತಾಯಿತು. ಅವರ ಕಾರ್ತಾಜ್ ಎಂಬ ರಹದಾರಿ ಇಲ್ಲದ ಹಡಗನ್ನು ಹಿಡಿಯುವ, ಕುದುರೆಗಳನ್ನು ಹೊತ್ತ ಹಡಗುಗಳನ್ನು ಗೋವಾದ ಕಡೆಗೇ ತಿರುಗಿಸಿ ಅಲ್ಲಿಯೇ ಸುಂಕ ಕಟ್ಟಿಸುವ ವ್ಯವಸ್ಥೆ ಅದು. ನಮ್ಮ ಬಂದರುಗಳ ಪಾಲಿನ ಸುಂಕವನ್ನು ಪಕ್ಕದ ಬಂದರು ಕಸಿದುಕೊಂಡ ಮೊದಲ ಪ್ರಸಂಗವೂ ಅದೇ ಇರಬೇಕು.

ಕಾಳಿ ನದಿಯ ದಂಡೆಯ ಕಡವಾಡ ಆಗ ದೊಡ್ಡ ವ್ಯಾಪಾರದ ಊರು. 1638ರಲ್ಲಿ ಕೋರ್ಟೀನ್ ಸಂಘ ಎಂಬ ಇಂಗ್ಲಿಷ್ ವರ್ತಕರ ಕೂಟದವರು ಇಲ್ಲಿ ಕೋಠಿ ತೆರೆದಾಗ ಅವರಿಗೆ ಬೇಕಾಗಿದ್ದದ್ದು ಮೆಣಸು ಮತ್ತು ನಯವಾದ ಬಟ್ಟೆ. 1665ರಲ್ಲಿ ಶಿವಾಜಿ ಕಾರವಾರಕ್ಕೆ ಬಂದಾಗ ಊರಿನ ವರ್ತಕರೆಲ್ಲ ಸೇರಿ ಕಾಣಿಕೆ ಒಪ್ಪಿಸಿದರು, ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡ್. ಆ ಕಾಲದ ವರ್ತಕನಿಗೆ ಇಂಥ ದಂಡದ ಹಣಕ್ಕೂ ಸುಂಕಕ್ಕೂ ಇರುವ ಅಂತರ ಚೆನ್ನಾಗಿ ಗೊತ್ತಿತ್ತು. ದಂಡ ಎಷ್ಟು, ಯಾವಾಗ ಎಂದು ಹೇಳಲಾಗದು. ಸುಂಕದ ದರ ಎಷ್ಟೇ ಭಾರವಾಗಿದ್ದರೂ ಮುಂಗಡವಾಗಿ ಲೆಕ್ಕ ಹಾಕಬಹುದು. ದರ ತಿಳಿದಿರುವ ಬಂದರಿಗೆ ಹಡಗು ಬರುತ್ತದೆ, ತಿಳಿಯದ ಬಂದರಿಗೆ ಬರುವುದಿಲ್ಲ. ಬೈತಖೋಲಿನಲ್ಲಿ ನಾನು ಕಂಡ ಹಡಗಿನ ಏಜೆಂಟರೂ ಇದನ್ನೇ ಹೇಳುತ್ತಿದ್ದರು.

1799ರಲ್ಲಿ ಟಿಪ್ಪುವಿನ ಪತನದೊಂದಿಗೆ ಕೆನರಾ ಎನ್ನುತ್ತಿದ್ದ ನಮ್ಮ ಕರಾವಳಿ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದು, ಥಾಮಸ್ ಮನ್ರೋ ಮೊದಲ ಕಲೆಕ್ಟರ್ ಆಗಿ ಬಂದರು. ಆಗ ಸಮುದ್ರದ ಸುಂಕದ ಜೊತೆಗೆ ಸಾಯಿರ್ ಎಂದು ಕರೆಯುತ್ತಿದ್ದ ಒಳನಾಡಿನ ಸುಂಕವೂ ಇತ್ತು. ಮೀನು, ಉಪ್ಪು, ಕೊಬ್ಬರಿ ಹೊತ್ತು ಘಟ್ಟ ಹತ್ತುವ, ಅಡಕೆ, ಅಕ್ಕಿ, ಮೆಣಸು ಹೊತ್ತು ಇಳಿಯುವ ಹೇರೆತ್ತುಗಳು ದಾರಿಯ ಚೌಕಿಗಳಲ್ಲಿ ನಿಲ್ಲಬೇಕಾಗುತ್ತಿತ್ತು. ಮದ್ರಾಸ್ ಆಧಿಪತ್ಯದಲ್ಲಿ ಈ ಒಳನಾಡಿನ ಸುಂಕ ರದ್ದಾದದ್ದು 1844ರ ಕಾಯ್ದೆಯಿಂದ. ಶಿರಸಿ, ಸಿದ್ದಾಪುರದ ತೋಟಿಗನಿಗೆ ಕುಮಟಾದ ದಾರಿ ಹಗುರವಾದದ್ದು ಅಂದಿನಿಂದ. ದೇವಿಮನೆ ಘಟ್ಟದ ರಸ್ತೆಯ ಬಗ್ಗೆ ಮಾತನಾಡುವವರು ರಸ್ತೆಯನ್ನಷ್ಟೇ ನೆನೆಯುತ್ತಾರೆ, ಚೌಕಿ ಎದ್ದು ಹೋದದ್ದನ್ನು ನೆನೆಯುವುದಿಲ್ಲ.

ಇನ್ನು ಹತ್ತಿಯ ವಿಷಯ. ಧಾರವಾಡ ಸೀಮೆಯ ಹತ್ತಿ ಎತ್ತಿನ ಬೆನ್ನ ಮೇಲೂ ಗಾಡಿಯಲ್ಲೂ ಘಟ್ಟ ಇಳಿದು ಕುಮಟಾಕ್ಕೆ ಬಂದು, ಪತ್ತೇಮಾರಿ ಎಂಬ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ವಿಲಾಯತಿಗೆ ಹೋಗುತ್ತಿತ್ತು. ಲಿವರ್‌ಪೂಲಿನ ಪೇಟೆಯಲ್ಲಿ ಆ ಹತ್ತಿಗೆ ಕುಮಟಾದ ಹೆಸರೇ ಅಂಟಿಕೊಂಡಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಯವರ ಕಣ್ಣು ನಮ್ಮ ಕರಾವಳಿಯ ಮೇಲೆ ಬಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿಯ ಕೆಳಗೆ, ಹತ್ತಿ ಹಡಗೇರಬೇಕಾದ ದಂಡೆ ಮದ್ರಾಸಿನ ಕೆಳಗೆ. ರಸ್ತೆ ಮಾಡಲು ಮದ್ರಾಸಿಗೆ ಆಸಕ್ತಿಯಿಲ್ಲ, ಮುಂಬಯಿಗೆ ಅಧಿಕಾರವಿಲ್ಲ. ಕೊನೆಗೆ 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಜಿಲ್ಲೆಗಳ ಗೆರೆಯನ್ನೇ ಒಂದು ಬಂದರಿಗಾಗಿ ತಿದ್ದಿದ ಉದಾಹರಣೆ ಹೆಚ್ಚಿಲ್ಲ. ಕಾರವಾರ ಜಿಲ್ಲಾ ಕೇಂದ್ರವಾಯಿತು, 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಬೆಳಗಿತು, ಕೈಗಾ, ಅರಬೈಲು ಘಟ್ಟಗಳ ರಸ್ತೆಗಳಿಗೆ ಹಣ ಬಂತು. ಸದಾಶಿವಗಡದಲ್ಲಿ ನೆಲೆಯೂರಲು ಬಂದ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಮಾತ್ರ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಇಳಿಯಿತು. ಆದರೂ ಕಾರವಾರದಿಂದ ಹುಬ್ಬಳ್ಳಿಗೆ ರೈಲು ಬರುತ್ತದೆ ಎಂಬ ನಿರೀಕ್ಷೆ ಸತ್ತಿರಲಿಲ್ಲ. (ಹುಬ್ಬಳ್ಳಿ–ಅಂಕೋಲಾ ಮಾರ್ಗದ ರೂಪದಲ್ಲಿ ಆ ನಿರೀಕ್ಷೆ ಇಂದಿಗೂ ಸತ್ತಿಲ್ಲ ಎಂಬುದು ಬೇರೆ ಮಾತು.)

ಆ ರೈಲು ಯಾಕೆ ಬರಲಿಲ್ಲ ಎಂಬಲ್ಲಿ ನನಗೂ ಲೇಖಕರಿಗೂ ಭಿನ್ನಾಭಿಪ್ರಾಯ. ಬೈತಖೋಲ ಗುಡ್ಡದ ಮರೆಯಲ್ಲಿ ಮಳೆಗಾಲದಲ್ಲೂ ಹಡಗು ನಿಲ್ಲಬಹುದಾದ ನೀರು ಆಗಲೂ ಇತ್ತು, ಈಗಲೂ ಇದೆ. ಕಾರವಾರದ ನಸೀಬು ತೀರ್ಮಾನವಾದದ್ದು ನೀರಿನಲ್ಲಿ ಅಲ್ಲ, ಕಾಗದದ ಮೇಲೆ. 1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಲಿಸ್ಬನ್ನಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರಂತೆ 1880ರಿಂದ ಹನ್ನೆರಡು ವರ್ಷಗಳ ಅವಧಿಗೆ ಬ್ರಿಟಿಷ್ ಭಾರತವೂ ಪೋರ್ಚುಗೀಸ್ ಗೋವಾವೂ ಒಂದೇ ಸುಂಕದ ವಲಯವಾದವು. ಗಡಿಯ ಸುಂಕದ ಚೌಕಿಗಳು ಎದ್ದುಹೋದವು. ಗೋವಾದ ಉಪ್ಪಿನ ತಯಾರಿಕೆಯ ಹತೋಟಿ ಬ್ರಿಟಿಷರ ಕೈಗೆ ಬಂತು. ಪ್ರತಿಯಾಗಿ ಬ್ರಿಟಿಷ್ ಭಾರತದ ಸರ್ಕಾರ ಪೋರ್ಚುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡಬೇಕು ಎಂದಾಯಿತು. ಮುರ್ಮುಗೋವಾದಿಂದ ಬ್ರಿಟಿಷ್ ಗಡಿಯವರೆಗೆ ರೈಲು ಹಾಕಲು ದಾರಿಯಾದದ್ದೂ ಈ ಒಪ್ಪಂದದಿಂದಲೇ.

ಇದರ ಅರ್ಥವನ್ನು ಸುಂಕದ ಕಚೇರಿಯ ಬೆಂಚಿನ ಮೇಲೆ ಕೂತವನು ಬೇಗ ಹಿಡಿಯುತ್ತಾನೆ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗೆ ಗೋವಾ ಪರದೇಶ. ಅಲ್ಲಿಯ ಬಂದರಿನಿಂದ ಸರಕು ಕಳಿಸಬೇಕಾದರೆ ಗಡಿಯಲ್ಲಿ ಒಮ್ಮೆ ಬಿಚ್ಚಿ ತೋರಿಸಬೇಕು, ಬಂದರಿನಲ್ಲಿ ಮತ್ತೊಮ್ಮೆ ಬಿಚ್ಚಬೇಕು, ಎರಡು ದರಪಟ್ಟಿ, ಎರಡು ಭಾಷೆಯ ಕಾಗದ, ಎರಡು ಕಡೆ ಕಾಯುವಿಕೆ. ಅಂಥ ದಾರಿಗೆ ಯಾವ ಕಂಪನಿಯೂ ರೈಲಿನ ಬಂಡವಾಳ ಹಾಕುತ್ತಿರಲಿಲ್ಲ. ಸುಂಕದ ಗೆರೆಯನ್ನು ಅಳಿಸಿದ ಕೂಡಲೇ ಮುರ್ಮುಗೋವಾ, ವ್ಯಾಪಾರದ ಲೆಕ್ಕದಲ್ಲಿ, ಧಾರವಾಡದ ಸ್ವಂತ ಬಂದರಾಯಿತು. ಅದಾದ ಮೇಲೆ 1882ರಲ್ಲಿ ಭಾರತ ಸರ್ಕಾರ ಉಪ್ಪು, ಮದ್ಯ, ಆಯುಧಗಳಂಥ ಕೆಲವನ್ನು ಬಿಟ್ಟು ಆಮದಿನ ಸುಂಕವನ್ನೇ ಎತ್ತಿಹಾಕಿತು. ರಫ್ತಿನಲ್ಲಿ ಅಕ್ಕಿಯ ಮೇಲಿನ ಸುಂಕ ಮಾತ್ರ ಉಳಿಯಿತು. ನಮ್ಮ ಸಣ್ಣ ಬಂದರುಗಳ ಸುಂಕದವರಿಗೆ ವಸೂಲಿಯ ಕೆಲಸಕ್ಕಿಂತ ಲೆಕ್ಕ ಬರೆಯುವ ಕೆಲಸವೇ ಹೆಚ್ಚಾಗಿದ್ದ ಕಾಲ ಅದು. 1894ರಲ್ಲಿ ಶೇಕಡಾ 5ರ ಸುಂಕ ಮರಳಿ ಬರುವ ತನಕ ಹೀಗೆಯೇ ನಡೆಯಿತು.

1880ರ ದಶಕದ ಕೊನೆಯ ಹೊತ್ತಿಗೆ ಮುರ್ಮುಗೋವಾದ ರೈಲು ಘಟ್ಟ ಹತ್ತಿ ನಮ್ಮದೇ ಜಿಲ್ಲೆಯ ಕ್ಯಾಸಲ್‌ರಾಕ್ ದಾಟಿ ಲೋಂಡಾ ಮುಟ್ಟಿತು. ಘಟ್ಟ ಇಳಿದು ಕಾರವಾರಕ್ಕೂ ಕುಮಟಾಕ್ಕೂ ಬರುತ್ತಿದ್ದ ಹತ್ತಿಯ ಗಾಡಿಗಳು ರೈಲಿನ ಕಡೆಗೆ ತಿರುಗಿದವು. ಮುಂದಿನದು ವಿಚಿತ್ರ. 1892ರಲ್ಲಿ ಒಪ್ಪಂದದ ಅವಧಿ ಮುಗಿದಾಗ ಬ್ರಿಟಿಷರು ಅದನ್ನು ಮುಂದುವರಿಸಲಿಲ್ಲ. ಸುಂಕದ ಗೆರೆ ಮತ್ತೆ ಎದ್ದಿತು. ಆದರೆ ಹಾಕಿದ ರೈಲು ಹಳಿಯನ್ನು ಯಾರೂ ಕಿತ್ತು ಕಾರವಾರಕ್ಕೆ ತಂದು ಹಾಸಲಿಲ್ಲ. ಹನ್ನೆರಡೇ ವರ್ಷ ಗೆರೆ ಅಳಿಸಿಹೋಗಿತ್ತು, ಆ ಹನ್ನೆರಡು ವರ್ಷಗಳಲ್ಲೇ ನಮ್ಮ ಬಂದರಿನ ಹಣೆಬರಹ ಬರೆದಾಗಿತ್ತು. ಮುರ್ಮುಗೋವಾದ ನೀರಿನ ಆಳವನ್ನು ಕಾರಣವಾಗಿ ಹೇಳುವವರು ಈ ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು ಎಂಬುದಷ್ಟೇ ನನ್ನ ವಿನಂತಿ.

ಗೆರೆ ಮರಳಿದ ಮೇಲೆ ಕಾವಲು ಎಲ್ಲಿ ಬಿತ್ತು ಎಂಬುದೂ ಗಮನಿಸಬೇಕಾದ ಸಂಗತಿ. ಮುರ್ಮುಗೋವಾದಲ್ಲಿ ಇಳಿದ ಸರಕನ್ನು ಬ್ರಿಟಿಷ್ ಸುಂಕದವರು ತಪಾಸಣೆ ಮಾಡುತ್ತಿದ್ದದ್ದು ಸಮುದ್ರದ ದಂಡೆಯಲ್ಲಿ ಅಲ್ಲ, ಕಾಡಿನ ನಡುವಿನ ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ. ಕೆಳಗೆ ಕುಳೆಯಲ್ಲಿ ಪೋರ್ಚುಗೀಸರ ತಪಾಸಣೆ, ಮೇಲೆ ಕ್ಯಾಸಲ್‌ರಾಕಿನಲ್ಲಿ ಬ್ರಿಟಿಷರದು. ಜೋಯಿಡಾ ತಾಲ್ಲೂಕಿನ ಆ ಸಣ್ಣ ಊರು ಒಂದು ರೀತಿಯಲ್ಲಿ ಬಂದರೇ ಆಗಿತ್ತು, ನೀರು ಮಾತ್ರ ಇರಲಿಲ್ಲ. ದಂಡೆಯ ಮೇಲೆ ಮಾಜಾಳಿಯಲ್ಲೂ ಗಡಿಯ ಕಾವಲು ಬಿಗಿಯಾಯಿತು. ಮುಂದೆ 1924ರ ಲ್ಯಾಂಡ್ ಕಸ್ಟಮ್ಸ್ ಕಾಯ್ದೆ ಬಂದದ್ದು ಇಂಥ ನೆಲಗಡಿಗಳಿಗಾಗಿಯೇ. ಸಂಬಂಧಿಕರ ಮನೆ ಗಡಿಯಾಚೆ ಇದ್ದವರು, ದೇವರ ಕಾರ್ಯಕ್ಕೆಂದು ಕಾಣಕೋಣಕ್ಕೆ ಹೋಗಿಬರುವವರು, ಮೀನು ಮಾರುವ ಹೆಂಗಸರು ಎಲ್ಲರೂ ಚೌಕಿಯ ಮುಂದೆ ಬುಟ್ಟಿ ಇಳಿಸಿಯೇ ಹೋಗಬೇಕು. ಈ ಭಾಗದ ಹಳಬರ ಮಾತಿನಲ್ಲಿ ನಾಕೆಯವರ, ಅಂದರೆ ಚೌಕಿಯವರ, ಕಥೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ನಗೆಯೂ ಇದೆ, ಸಿಟ್ಟೂ ಇದೆ.

ಉಪ್ಪಿನ ಮಾತು ಇಲ್ಲದೆ ಈ ಚರಿತ್ರೆ ಮುಗಿಯದು. ಮುಂಬಯಿ ಆಧಿಪತ್ಯದಲ್ಲಿ ಮುಂಬಯಿ ನಗರದ ಹೊರಗಿನ ಸಣ್ಣ ಬಂದರುಗಳ ಕಸ್ಟಮ್ಸ್ ಕೆಲಸವನ್ನು ಉಪ್ಪಿನ ಇಲಾಖೆಯ ಸಿಬ್ಬಂದಿಯೇ ನೋಡಿಕೊಳ್ಳುತ್ತಿತ್ತು. ಸಾಣಿಕಟ್ಟೆಯ ಗದ್ದೆಗಳಿಂದ ಉಪ್ಪು ಹೊರಬೀಳುವಾಗ ತೂಕ ಮಾಡಿ ಪರವಾನೆ ಕೊಡುವುದೂ ಅವರೇ, ತದಡಿಯಲ್ಲಿ ಪಡಾವಿನ ಸರಕಿನ ಪಟ್ಟಿ ನೋಡುವುದೂ ಅವರೇ. 1890ರ ಮುಂಬಯಿ ಉಪ್ಪಿನ ಕಾಯ್ದೆ ಅವರಿಗೆ ಬಲವಾದ ಅಧಿಕಾರ ಕೊಟ್ಟಿತ್ತು. ಬಡವನ ಗಂಜಿಯ ಮೇಲೂ ಕರ ಹಾಕುವ ಕಾನೂನಿನ ಮುಖವಾಗಿ ಊರವರು ಕಂಡದ್ದು ವೈಸರಾಯರನ್ನಲ್ಲ, ಈ ಕೆಳದರ್ಜೆಯ ನೌಕರರನ್ನು. ಅವರಲ್ಲಿ ಬಹುಪಾಲು ಜನ ನಮ್ಮವರೇ. 1930ರ ಏಪ್ರಿಲಿನಲ್ಲಿ ಅಂಕೋಲೆಯ ಕಡಲದಂಡೆಯಲ್ಲಿ ಸಾವಿರಾರು ಜನ ಸೇರಿ ಉಪ್ಪಿನ ಕಾನೂನು ಮುರಿದಾಗ ಎದುರಿಗೆ ನಿಂತದ್ದು ಇದೇ ವ್ಯವಸ್ಥೆ. ಸತ್ಯಾಗ್ರಹಿಗಳ ಸ್ಮರಣೆ ಯೋಗ್ಯವಾಗಿಯೇ ನಡೆಯುತ್ತಿದೆ. ಆದರೆ ಅವರು ಮುರಿದ ಕಾನೂನು ದಿನದಿನವೂ ಹೇಗೆ ನಡೆಯುತ್ತಿತ್ತು, ಒಂದು ಮಣ ಉಪ್ಪು ಗದ್ದೆಯಿಂದ ಶಿರಸಿಯ ಪೇಟೆಗೆ ತಲುಪುವಷ್ಟರಲ್ಲಿ ಎಷ್ಟು ಕೈಗಳ ಸಹಿ ಬೀಳುತ್ತಿತ್ತು ಎಂಬುದನ್ನು ಶಾಲೆಯ ಮಕ್ಕಳಿಗೆ ತೋರಿಸಲು ನಮ್ಮ ಬಳಿ ಏನೂ ಇಲ್ಲ. ಉಪ್ಪಿನ ಕರ 1947ರಲ್ಲಿ ರದ್ದಾಯಿತು.

ಸ್ವಾತಂತ್ರ್ಯದ ಬಳಿಕ ಗೋವಾ ಗಡಿಯ ಕಾವಲು ಸಡಿಲವಾಗುವ ಬದಲು ಇನ್ನಷ್ಟು ಬಿಗಿಯಾಯಿತು. 1955ರಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ನಂತರ ಕ್ಯಾಸಲ್‌ರಾಕಿನಿಂದ ಆಚೆಗೆ ರೈಲೇ ನಿಂತಿತು. ಕಾರವಾರದ ಕಣ್ಣಳತೆಯಲ್ಲೇ ಇರುವ ಅಂಜದೀವ ದ್ವೀಪದಿಂದ 1961ರ ನವೆಂಬರಿನಲ್ಲಿ ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿದ್ದು, ಡಿಸೆಂಬರಿನಲ್ಲಿ ನಮ್ಮ ನೌಕಾದಳದವರು ಪ್ರಾಣ ತೆತ್ತು ಆ ದ್ವೀಪ ಹಿಡಿದದ್ದು ಎಲ್ಲರಿಗೂ ತಿಳಿದ ವಿಷಯ. ಗೋವಾ ಭಾರತಕ್ಕೆ ಸೇರಿದ ದಿನ ಮಾಜಾಳಿಯ ಸುಂಕದ ಗಡಿಗೆ ಅರ್ಥವಿಲ್ಲದಾಯಿತು. 1892ರಿಂದ ಸುಮಾರು ಎಪ್ಪತ್ತು ವರ್ಷ ನಿಂತ ಗೆರೆ ಅದು. ಇಂದು ಅದೇ ಜಾಗದಲ್ಲಿ ಅಬಕಾರಿಯವರು ಗೋವಾದ ಮದ್ಯಕ್ಕಾಗಿ ವಾಹನ ತಪಾಸಣೆ ಮಾಡುವುದನ್ನು ನೋಡಿದವರಿಗೆ, ಇದು ರಾಜ್ಯದ ಕೆಲಸ, ಹಿಂದಿನದು ದೇಶದ ಗಡಿಯ ಕೆಲಸ ಎಂಬ ಭೇದ ಗೊತ್ತಾಗುವುದಿಲ್ಲ.

1878ರ ಸಮುದ್ರ ಸುಂಕದ ಕಾಯ್ದೆಯ ಜಾಗಕ್ಕೆ 1962ರ ಕಸ್ಟಮ್ಸ್ ಕಾಯ್ದೆ ಬಂದು, 1963ರ ಫೆಬ್ರವರಿ 1ರಿಂದ ಜಾರಿಯಾಯಿತು. ಅದೇ ವರ್ಷದ ಆರಂಭದಲ್ಲಿ ಚಿನ್ನದ ನಿಯಂತ್ರಣವೂ ಬಂದದ್ದರಿಂದ ಮುಂದಿನ ಮೂರು ದಶಕ ಪಶ್ಚಿಮ ಕರಾವಳಿಯ ಕಸ್ಟಮ್ಸ್‌ನವರ ಮುಖ್ಯ ಕೆಲಸ ಚಿನ್ನ ಹಿಡಿಯುವುದೇ ಆಯಿತು. ಹತ್ತು ತೊಲದ ಬಿಸ್ಕತ್ತು, ಕೈಗಡಿಯಾರ, ಸಿಂಥೆಟಿಕ್ ಬಟ್ಟೆ, ಟ್ರಾನ್ಸಿಸ್ಟರ್ ಎಂದು ಆ ಕಾಲದ ಜಪ್ತಿ ಪಟ್ಟಿಗಳನ್ನು ಓದಿದರೆ ದೇಶಕ್ಕೆ ಯಾವುದರ ಹಸಿವಿತ್ತು ಎಂಬುದು ಅರ್ಥಶಾಸ್ತ್ರದ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಕೋಸ್ಟ್ ಗಾರ್ಡ್ ಪಡೆ 1978ರಲ್ಲಿ ಕಾಯ್ದೆಯ ಬಲ ಪಡೆದು ನಿಂತದ್ದರ ಹಿಂದೆಯೂ ಸಮುದ್ರದ ಕಳ್ಳಸಾಗಣೆಯನ್ನು ತಡೆಯುವ ಒತ್ತಡ ಇತ್ತು. ಚಿನ್ನದ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾದ ಮೇಲೆ ಈ ಅಧ್ಯಾಯ ತಣ್ಣಗಾಯಿತು. ಸಿನಿಮಾದವರು ಈ ಕಾಲವನ್ನು ಬೇಕಾದಷ್ಟು ತೋರಿಸಿದ್ದಾರೆ, ನಾನು ಹೆಚ್ಚು ಹೇಳಬೇಕಾಗಿಲ್ಲ.

ಸಿನಿಮಾದಲ್ಲಿ ಬಾರದ ಕೆಲಸದ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು, ಯಾಕೆಂದರೆ ಓದುಗರಲ್ಲಿ ಹೆಚ್ಚಿನವರು ಅದನ್ನು ಕಂಡಿರಲಾರರು. ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಹಂಗಾಮು ಶುರುವಾದ ಮೇಲೆ ಮಚವೆ ಎಂಬ ಹಾಯಿದೋಣಿಗಳ ಓಡಾಟ ತೊಡಗುತ್ತಿತ್ತು. ಅವುಗಳ ಹೊರೆಯನ್ನು ಹಿಂದಿನವರು ಖಂಡಿ ಎಂಬ ಹಳೆಯ ಅಳತೆಯಲ್ಲಿ ಲೆಕ್ಕ ಹಾಕುತ್ತಿದ್ದರು. ದೊಡ್ಡ ಹಡಗಿನದು ಬೇರೆ ಕ್ರಮ. ಹಡಗು ಬಂದೊಡನೆ ಕಪ್ತಾನ ಸರಕಿನ ಪಟ್ಟಿಯಾದ ಮ್ಯಾನಿಫೆಸ್ಟ್ ಒಪ್ಪಿಸಬೇಕು, ಹಿಂದಿನ ಬಂದರಿನ ಕ್ಲಿಯರೆನ್ಸ್ ತೋರಿಸಬೇಕು. ಅಧಿಕಾರಿಗಳು ದೋಣಿಯಲ್ಲಿ ಹೋಗಿ ಹಗ್ಗದ ಏಣಿ ಹತ್ತಿ, ಹಡಗಿನ ಸ್ವಂತ ಬಳಕೆಯ ಮದ್ಯ, ಸಿಗರೇಟುಗಳನ್ನು ಒಂದು ಕೋಣೆಗೆ ಹಾಕಿ ಮೊಹರು ಒತ್ತುತ್ತಾರೆ, ಸಂಶಯವಿದ್ದರೆ ಎಂಜಿನ್ ಕೋಣೆಯ ಮೂಲೆಗಳನ್ನೂ ಜಾಲಾಡುತ್ತಾರೆ. ಆಮದಿಗೆ ಬಿಲ್ ಆಫ್ ಎಂಟ್ರಿ, ರಫ್ತಿಗೆ ಶಿಪ್ಪಿಂಗ್ ಬಿಲ್. ಡಾಂಬರಾದರೆ ಟ್ಯಾಂಕಿನ ಅಳತೆ ಮತ್ತು ಮಾದರಿ, ಕಾಕಂಬಿಯಾದರೂ ಹಾಗೆಯೇ. ಅದಿರಿನಂಥ ರಾಶಿ ಸರಕನ್ನು ತಕ್ಕಡಿಯಲ್ಲಿ ತೂಗಲಾಗುವುದಿಲ್ಲವಾದ್ದರಿಂದ ತುಂಬುವ ಮೊದಲು ಮತ್ತು ತುಂಬಿದ ಮೇಲೆ ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಎಂದು ಮುಂದೆ, ಹಿಂದೆ, ನಡುವೆ ಬರೆದ ಅಂಕಿಗಳನ್ನು ಓದಿ ತೂಕ ಕಟ್ಟುತ್ತಾರೆ. ಅಲೆ ಏಳುವಾಗ ಆ ಅಂಕಿ ಓದಲು ತಾಳ್ಮೆ ಬೇಕು. ಒಂದೆರಡು ಅಂಗುಲ ತಪ್ಪಿದರೆ ನೂರಾರು ಟನ್ ವ್ಯತ್ಯಾಸ. ಎಲ್ಲ ಮುಗಿದು ಬಾಕಿ ಏನೂ ಇಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಹೊರಡುವ ಅಪ್ಪಣೆ. ಈಗ ಕಾಗದವೆಲ್ಲ ಕಂಪ್ಯೂಟರಿಗೆ ಹೋಗಿದೆ, ಹಗ್ಗದ ಏಣಿ ಇನ್ನೂ ಹಾಗೆಯೇ ಇದೆ.

ಈ ಅಧಿಕಾರಿಗಳೆಲ್ಲ ಸತ್ಯಹರಿಶ್ಚಂದ್ರರು ಎಂದು ನಾನು ಹೇಳುತ್ತಿಲ್ಲ. ಕಡಲ ಕೆಲಸದಲ್ಲಿ ಕೈ ಬೆಚ್ಚಗೆ ಮಾಡಿಕೊಂಡವರನ್ನೂ ಕಂಡಿದ್ದೇನೆ, ಒಂದು ಲೋಟ ಚಹಾಕ್ಕೂ ತಮ್ಮ ಜೇಬಿನಿಂದಲೇ ಕೊಟ್ಟವರನ್ನೂ ಕಂಡಿದ್ದೇನೆ. ಆದರೆ ಮನುಷ್ಯನ ಗುಣ ಏನೇ ಇರಲಿ, ಅವನು ಬರೆದಿಟ್ಟ ಪುಸ್ತಕ ತನ್ನ ಕೆಲಸ ತಾನು ಮಾಡುತ್ತದೆ. ಬೇಲೆಕೇರಿಯನ್ನು ನೆನಪಿಸಿಕೊಳ್ಳಿ. 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಬಂದರಿನಿಂದಲೇ ಹಡಗೇರಿ ಹೋದದ್ದು ನಮ್ಮ ಜಿಲ್ಲೆಯ ಹೆಸರನ್ನು ದೇಶಕ್ಕೆಲ್ಲ ಕೇಳಿಸಿತು. ಅಲ್ಲಿ ಯಾರು ಕಣ್ಣು ಮುಚ್ಚಿದರು ಎಂಬುದನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ. ನನ್ನ ಗಮನ ಸೆಳೆದದ್ದು, ಲೋಕಾಯುಕ್ತರು 2011ರಲ್ಲಿ ಕೊಟ್ಟ ವರದಿಯಲ್ಲಿ ಅಕ್ರಮದ ಪ್ರಮಾಣವನ್ನು ಕಟ್ಟಿದ ರೀತಿ. ಗಣಿಯಿಂದ ಸಾಗಿಸಲು ಕೊಟ್ಟ ಪರವಾನಗಿಗಳ ಮೊತ್ತವನ್ನು ಒಂದು ಕಡೆ, ಬಂದರುಗಳಿಂದ ನಿಜವಾಗಿ ರಫ್ತಾದ ಅದಿರಿನ ಮೊತ್ತವನ್ನು ಇನ್ನೊಂದು ಕಡೆ ಇಟ್ಟು ನೋಡಿದಾಗ ನಡುವಿನ ಕಂದಕ ತಾನೇ ಕಾಣಿಸಿತು. ಹಡಗು ಹೊರಡುವಾಗ ಬರೆದಿಟ್ಟ ತೂಕ ಉಳಿದಿರದಿದ್ದರೆ ಆ ಕಂದಕವನ್ನು ಯಾರೂ ಅಳೆಯಲಾಗುತ್ತಿರಲಿಲ್ಲ.

ಇದೇ ಕಾರಣಕ್ಕೆ ನನ್ನ ಕೋರಿಕೆ ಸುಂಕದ ಹಳೆಯ ದಾಖಲೆಗಳ ಬಗ್ಗೆ. ಗೆರೆ ಸರಿದಾಡಿದ 'ಪುಣ್ಯ'ದಿಂದ ನಮ್ಮ ಕರಾವಳಿಯ ದಾಖಲೆಗಳೂ ಊರೂರು ತಿರುಗಿವೆ. 1862ರವರೆಗಿನ ಆಡಳಿತದ ಕಾಗದಗಳನ್ನು ಚೆನ್ನೈಯ ಪತ್ರಾಗಾರದಲ್ಲಿ ಹುಡುಕಬೇಕು, ಅಲ್ಲಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗಿನದನ್ನು ಮುಂಬಯಿಯಲ್ಲಿ, ಗಡಿಯ ಆಚೆ ಬದಿಯದನ್ನು ಪಣಜಿಯಲ್ಲಿ, ನಂತರದ್ದನ್ನು ಬೆಂಗಳೂರಿನಲ್ಲಿ. ಕಸ್ಟಮ್ಸ್ ಕೇಂದ್ರದ ಇಲಾಖೆಯಾದ್ದರಿಂದ ಅದರ ಸ್ಥಳೀಯ ಕಡತಗಳು ಈ ನಾಲ್ಕಕ್ಕೂ ಸೇರದೆ ಬೇರೆಯೇ ಉಳಿಯುತ್ತವೆ. ಕಾರವಾರ, ಬೇಲೆಕೇರಿ, ತದಡಿ, ಕುಮಟಾ, ಹೊನ್ನಾವರ, ಭಟಕಳದ ಹಳೆಯ ಹಡಗು ಪುಸ್ತಕಗಳು, ಜಪ್ತಿ ಪಟ್ಟಿಗಳು, ಕ್ಯಾಸಲ್‌ರಾಕ್ ಮತ್ತು ಮಾಜಾಳಿಯ ಗಡಿ ಪುಸ್ತಕಗಳು ಎಲ್ಲೆಲ್ಲಿ ಉಳಿದಿವೆ ಎಂದು ಒಂದೇ ಕಡೆ ಪಟ್ಟಿ ಮಾಡುವುದು ಮೊದಲ ಕೆಲಸ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಪ್ರಕಾರ 25 ವರ್ಷಕ್ಕಿಂತ ಹಳೆಯ ದಾಖಲೆಯನ್ನು ಪರಾಮರ್ಶೆ ಮಾಡದೆ ನಾಶಪಡಿಸುವಂತಿಲ್ಲ. 1892ಕ್ಕಿಂತ ಹಿಂದಿನದಾದರೆ, ಓದಲಾಗದಷ್ಟು ಹಾಳಾಗಿದ್ದರೆ ಹೊರತು, ಕೈ ಹಚ್ಚುವಂತೆಯೇ ಇಲ್ಲ. ಕಾಯ್ದೆಯವರು 1892 ಎಂಬ ಇಸವಿಯನ್ನು ಆರಿಸಿಕೊಂಡದ್ದು ನಮ್ಮ ಗಡಿಯನ್ನು ನೆನೆದಲ್ಲ, ಆದರೆ ನಮ್ಮ ಪಾಲಿಗೆ ಅದು ಚೆನ್ನಾಗಿಯೇ ಕೂಡಿಬಂದಿದೆ: ಸುಂಕದ ಗೆರೆ ಅಳಿಸಿಹೋಗಿದ್ದ ಆ ಹನ್ನೆರಡು ವರ್ಷಗಳ ಕಾಗದ ಬಹುತೇಕ ಪೂರ್ತಿ ಈ ರಕ್ಷಣೆಯ ಒಳಗೆ ಬರುತ್ತದೆ.

ಎರಡನೆಯ ಕೋರಿಕೆ ಚಿಕ್ಕದು. ಟಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಸಂಗ್ರಹಾಲಯವಿದೆ, ಜಿಲ್ಲೆಯ ಶಾಲಾ ಮಕ್ಕಳೆಲ್ಲ ಅಲ್ಲಿಗೆ ಬರುತ್ತಾರೆ. ಅದರ ಪಕ್ಕದಲ್ಲಿ ವ್ಯಾಪಾರದ ಬಂದರಿನ ಬಗ್ಗೆ ಒಂದು ಕೋಣೆಯಾದರೂ ಬೇಕು. ಮ್ಯಾನಿಫೆಸ್ಟಿನ ಒಂದು ಪ್ರತಿ, ಅರಗಿನ ಮೊಹರು, ಖಂಡಿಯ ಅಳತೆಯ ವಿವರ, 1878ರ ಒಪ್ಪಂದದ ಮುಖ್ಯ ಕಲಮುಗಳ ಕನ್ನಡ ಅನುವಾದ, ಮುರ್ಮುಗೋವಾ ರೈಲಿನ ನಕ್ಷೆ ಇಷ್ಟಿದ್ದರೆ ಸಾಕು. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಮಾಜಾಳಿ ಮತ್ತು ಕ್ಯಾಸಲ್‌ರಾಕಿನಲ್ಲಿ ಕೆಲಸ ಮಾಡಿದವರು ಅಥವಾ ಅವರ ಮನೆಯವರು ಇನ್ನೂ ಇರುವಾಗಲೇ ಅವರ ನೆನಪುಗಳನ್ನು ಧ್ವನಿಮುದ್ರಣ ಮಾಡಿಕೊಳ್ಳುವುದನ್ನು ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗದವರು ಕೈಗೆತ್ತಿಕೊಳ್ಳಬಹುದು.

ಕಾರವಾರದ ಮಳೆಯಲ್ಲಿ ಕಾಗದ ಉಳಿಯುವುದು ಕಷ್ಟ ಎಂಬುದು ಇಲ್ಲಿ ಕಚೇರಿ ಕಪಾಟು ತೆರೆದವರಿಗೆಲ್ಲ ಗೊತ್ತು. ಜೂನ್‌ ತಿಂಗಳಿಗೆ ಮೊದಲು ಜಿಲ್ಲಾಡಳಿತ ಮತ್ತು ಕಸ್ಟಮ್ಸ್ ಇಲಾಖೆ ಕೂಡಿ ಕೂತು ಆ ಪಟ್ಟಿಯನ್ನಾದರೂ ಮಾಡಲಿ. ತಮ್ಮ ಪತ್ರಿಕೆ ಅದಕ್ಕೆ ಒತ್ತಾಯ ತರಲಿ ಎಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕ್ಲಿಯರಿಂಗ್ ಗುಮಾಸ್ತ,
ಕೋಡಿಬಾಗ, ಕಾರವಾರ